ಮಂಚದಡಿಗೆ ಉರುಳಿದ ದಾಳ

ದಾಳ ಮೇಜಿನಿಂದ ಜಾರಿ ಮಂಚದಡಿಗೆ ಉರುಳಿದರೆ ಈಚೆಗೆ ನಾನು ಬಗ್ಗುವುದಿಲ್ಲ. “ಹದಿನಾಲ್ಕು ಬಿದ್ದಿದೆ ಅಂದ್ಕೊ” ಎಂದು ಕುಳಿತಲ್ಲಿಂದಲೇ ತೀರ್ಪು ಕೊಟ್ಟುಬಿಡುತ್ತೇನೆ. ಮಂಡಿಗೂ ನ್ಯಾಯಕ್ಕೂ ತಕರಾರು ಬಂದರೆ ಈ ವಯಸ್ಸಿನಲ್ಲಿ ಗೆಲ್ಲುವುದು ಮಂಡಿಯೇ.

ಪಗಡೆಯೆಂದುಕೊಳ್ಳಬೇಡಿ. ಇದು ಕಥೆ ಕಟ್ಟುವ ಆಟ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಸಾರುತ್ತಾರೆ, ಅದು ಕೈಗೂಡುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ಶಿವಮೊಗ್ಗದ ಹಾಸ್ಟೆಲಿನಲ್ಲಿ ಅಕ್ಷರ ಅರ್ಧಂಬರ್ಧ ಮೂಡಿದ ಜೆರಾಕ್ಸ್ ನಿಯಮಾವಳಿಯೊಂದು ಕೈಗೆ ಸಿಕ್ಕಂದಿನಿಂದ ಕಥೆಗಾರನ ಪಟ್ಟ ನನ್ನದು. ಸೊರಬದ ಷಣ್ಮುಖ ಅಂದಿನಿಂದ ಇಂದಿನವರೆಗೂ ರಣಧೀರನೆಂಬ ಖಡ್ಗಧಾರಿ. ಉಳಿದ ಗೆಳೆಯರು ಮದುವೆ, ವರ್ಗಾವಣೆ, ಶುಗರು ಅಂತ ಒಬ್ಬೊಬ್ಬರಾಗಿ ಕಳಚಿಕೊಂಡು ಈಗ ನಾವಿಬ್ಬರೇ ಉಳಿದಿದ್ದೇವೆ.

ಆಗೆಲ್ಲ ನನಗೆ ನಿಯಮವೇ ವೇದವಾಕ್ಯ. ಬತ್ತಳಿಕೆಯಲ್ಲಿನ ಬಾಣಗಳ ಭಾರವನ್ನೂ ಲೆಕ್ಕ ಹಾಕುತ್ತಿದ್ದೆ. ದಾಳ ಬಿದ್ದರೆ ಟಾರ್ಚ್ ಹಿಡಿದು ನೆಲಕ್ಕೆ ಕೆನ್ನೆ ಹಚ್ಚಿ ನೋಡುತ್ತಿದ್ದೆ. ಅಂಥ ನಾನು ರೋಮಾಂಚನಗೊಂಡು ಘಟಸರ್ಪದ ಗುಹೆಯನ್ನು ವರ್ಣಿಸಿದರೆ ಈ ಷಣ್ಮುಖ, “ಗುಹೆ ಪಹಣಿ ಯಾರ ಹೆಸರಲ್ಲಿದೆ ಮಾರಾಯ?” ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಮೂವತ್ತು ದಾಟಿದ ಮೇಲೆ ಸಂಹಾರಕಾರ್ಯ ಬೇಸರ ತರಿಸಿ, ಅರಮನೆಯ ಒಳಸಂಚು, ದಾಯಾದಿ ಕಲಹಗಳ ಆಟ ರುಚಿಸತೊಡಗಿತು. ಅಲ್ಲಿ ಷಣ್ಮುಖನ ಪ್ರಶ್ನೆಯೇ ನನ್ನ ಬಂಡವಾಳ. ಘಟಸರ್ಪವು ತಹಶೀಲ್ದಾರರ ಮುಂದೆ ತಕರಾರು ಅರ್ಜಿ ಹಾಕಿ ವಾಯಿದೆಯ ಮೇಲೆ ವಾಯಿದೆ ಪಡೆಯಿತು. ಕನ್ನಡಕದ ನಂಬರು ಏರಿದಂತೆ ಒಂದೇ ಹಾಳೆಯ ನಿಯಮದ ಆಟಗಳಿಗೆ ಇಳಿದೆ. ಈಗಂತೂ ಯಾರೂ ಹೊಡೆದಾಡದ, ಸುಮ್ಮನೆ ನಡೆದು ಮರದಡಿ ಬುತ್ತಿ ಬಿಚ್ಚುವ ಆಟವಾದರೆ ಸಾಕು. ಇದನ್ನು ನಾನು ಅಭಿರುಚಿಯ ಪರಿಪಾಕ ಎನ್ನುತ್ತೇನೆ, ನನ್ನ ಹೆಂಡತಿ ಸುಸ್ತು ಎನ್ನುತ್ತಾಳೆ. ಕಲ್ಪನೆಯೂ ಬತ್ತಿದೆಯೆನ್ನಿ, ಕುಬಟೂರಿನ ದೇವಸ್ಥಾನವನ್ನೇ ಹಾಳುಕೋಟೆ ಮಾಡಿ, ಅಂಜನಾಪುರದ ಕೋಡಿಯನ್ನೇ ಮಾಯಾನದಿ ಮಾಡಿ ಕಾಲ ತಳ್ಳುತ್ತಿದ್ದೇನೆ.

ಹೋದ ಭಾನುವಾರ ಶಿಕಾರಿಪುರದಲ್ಲಿ ಸೊರಬದ ಬಸ್ಸು ಹತ್ತುವಾಗಲೇ ನಿಶ್ಚಯಿಸಿದ್ದೆ: ಇವತ್ತು ರಣಧೀರನಿಗೆ ಮರ್ಯಾದೆಯಿಂದ ವೀರಮರಣ ಕೊಟ್ಟು ಈ ಆಟವನ್ನೇ ಮುಗಿಸಿಬಿಡುವುದು. ಆಮೇಲೆ ವಾರ ವಾರವೂ ಈ ಬಸ್ಸಿನ ಕುಲುಕಾಟವಿಲ್ಲ, ಕಥೆ ಹೊಸೆಯುವ ಗೋಜಿಲ್ಲ. ನಿಜ ಹೇಳುತ್ತೇನೆ, ನನಗೆ ಸಾಕಾಗಿಹೋಗಿತ್ತು.

ಲಕ್ವ ಹೊಡೆದಾಗಿನಿಂದ ಷಣ್ಮುಖನ ಎಡಗಾಲು ಸ್ವಾಧೀನದಲ್ಲಿಲ್ಲ. “ಭಾನುವಾರ ಬಂತಂದ್ರೆ ಬೆಳಗಿಂದ ಬಾಗಿಲು ನೋಡ್ತಾ ಕೂತಿರ್ತಾರ್ರೀ” ಎಂದು ಅವನ ಹೆಂಡತಿ ಚಹಾ ಇಟ್ಟು ಒಳಗೆ ಹೋದರು. ನಾನು ಮನಸ್ಸು ಕಲ್ಲು ಮಾಡಿಕೊಂಡು, ಭೋರ್ಗರೆಯುವ ಮಾಯಾನದಿಯ ನಡುವೆ ರಣಧೀರನನ್ನು ತಂದು ನಿಲ್ಲಿಸಿದೆ. ಹತ್ತರ ಮೇಲೆ ಬಿದ್ದರೆ ದಾಟಿದ, ಇಲ್ಲದಿದ್ದರೆ ಕೊಚ್ಚಿಹೋದ ಎಂದೆ.

ಅವನು ದಾಳವನ್ನು ಬಲಗೈಯಲ್ಲಿ ಬಹಳ ಹೊತ್ತು ಕುಲುಕಿದ. “ವಾರವಿಡೀ ಈ ಕುರ್ಚೀಲಿ ಬಿದ್ದಿರ್ತೀನಿ ಮಾರಾಯ. ನಡೆಯೋದು ಈ ರಣಧೀರ ಒಬ್ಬನೇ” ಎಂದು ಎಸೆದ. ದಾಳ ಮೇಜು ದಾಟಿ ನೇರ ಮಂಚದಡಿಗೆ ಹೋಯಿತು.

ನಾನು ಬಾಯಿ ತೆರೆಯುವಷ್ಟರಲ್ಲಿ, “ಅಂದ್ಕೊ ಗಿಂದ್ಕೊ ಎಲ್ಲ ಬೇಡ. ಬಗ್ಗಿ ನೋಡು” ಎಂದ.

ಶಿವನೇ ಎಂದು ಮಂಡಿಯೂರಿ, ನೆಲಕ್ಕೆ ಕೆನ್ನೆ ಹಚ್ಚಿದೆ. ಮಂಚದ ಕಾಲಿನ ಬಳಿ, ಧೂಳಿನಲ್ಲಿ, ಎರಡು ಬಿದ್ದಿತ್ತು. ನಾನು ಬಯಸಿ ಬಂದದ್ದೂ ಅದನ್ನೇ. ಅಲ್ಲೇ ಸ್ವಲ್ಪ ಹೊತ್ತು ಇದ್ದೆ.

ದಾಳವನ್ನು ಮುಷ್ಟಿಯೊಳಗೆ ಹಿಡಿದು ಮೇಲೇಳುತ್ತ, “ಹದಿನಾಲ್ಕೇ ಬಿದ್ದಿದೆ ಕಣೋ” ಎಂದೆ.

ಷಣ್ಮುಖ ನನ್ನ ಮುಖವನ್ನೇ ನೋಡಿದ. “ಹಾಗಾದ್ರೆ ದಾಟ್ದ?”

“ದಾಟ್ದ. ಆಚೆ ದಡದಲ್ಲೊಂದು ಗುಹೆ ಇದೆ.”

ಅವನು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದು ಕೂತ. “ಪಹಣಿ ಯಾರ ಹೆಸರಲ್ಲಿದೆ?”