ಹುಳದ ಮೇಲಿನ ಜೇಡಿ

ಟೀಚರ್ ನಕ್ಕರೆ ಮುಂದಿನ ಹಲ್ಲುಗಳ ಮೇಲೆ ಬೂದು ಬಣ್ಣದ ಗೆರೆಯೊಂದು ಕಾಣುತ್ತಿತ್ತು. ಮಣ್ಣು! ಎಲ್ಲಿ ಬಾವಿ ತೋಡುವುದು ಕಂಡರೂ ಒಂದು ಚೂರು ಮಣ್ಣು ಹೆಕ್ಕಿ ಹಲ್ಲಿನ ನಡುವೆ ಕಡಿದು ನೋಡುವುದು ಅವರ ಅಭ್ಯಾಸ. ಕರಕರ ಎಂದರೆ ಹೊಯಿಗೆ, ಅಂದರೆ ಮರಳು, ಬೆರೆತಿದೆ; ಬೆಣ್ಣೆಯ ಹಾಗೆ ಸವರಿದರೆ ಅಪ್ಪಟ ಜೇಡಿ. ಹೊಸಂಗಡಿಯಲ್ಲಿ ಬಸ್ಸಿಗೆ ಕಾಯುವಾಗ ನನ್ನ ಕೈಗೂ ಒಮ್ಮೆ ಒಂದು ಚೂರು ಇಟ್ಟಿದ್ದರು. "ಕಡಿದು ನೋಡಿ ಮಾಸ್ಟ್ರೇ, ನಿಮ್ಮ ಹಳೆಗನ್ನಡಕ್ಕಿಂತ ಮೆತ್ತಗೆ ಉಂಟು."

ನಾವಿಬ್ಬರೂ ಒಂದೇ ಕಾಲೇಜಿನಲ್ಲಿದ್ದೆವು. ಅವರದು ಭೂವಿಜ್ಞಾನ, ನನ್ನದು ಕನ್ನಡ. ಅವರ ಸಂಶೋಧನೆಯೆಲ್ಲ ನಿಂತಿದ್ದುದು ಹಿಮಾಲಯದ ಕಡೆಯಿಂದ ತಂದ ಅಂಗೈಯಗಲದ ಒಂದು ಕಪ್ಪು ಕೆಸರುಗಲ್ಲಿನ ಮೇಲೆ. ಅದರಲ್ಲಿ ಬೆಳ್ಳಿಯ ಗೆರೆಯಂತೆ ಒಂದು ಹುಳ. ಮೂಳೆಯಿಲ್ಲ, ಚಿಪ್ಪಿಲ್ಲ, ಮತ್ತೆ ಇಷ್ಟು ಕೋಟಿ ವರ್ಷ ಉಳಿದದ್ದು ಹೇಗೆ? ಸಮುದ್ರದಡಿಯ ಕೆಸರಿನಲ್ಲಿ ಅದು ಕೊಳೆಯುತ್ತಿರುವಾಗಲೇ ಮೈಮೇಲೆ ಜೇಡಿಖನಿಜದ ತೆಳ್ಳನೆಯ ಪೊರೆ ಬೆಳೆದು ಆಕಾರವನ್ನು ಹಿಡಿದುಕೊಂಡಿತು ಎಂಬುದು ಟೀಚರ ವಾದ. ಹರೆಯದ ವರ್ಷಗಳನ್ನೆಲ್ಲ ಅದಕ್ಕೇ ಕೊಟ್ಟಿದ್ದರು.

ಡಾಕ್ಟರೇಟ್ ಪದವಿಗೆಂದು ಬರೆದ ಪ್ರಬಂಧವನ್ನು ಓದಿದ ಪರೀಕ್ಷಕರೊಬ್ಬರು ಒಂದೇ ಪ್ರಶ್ನೆ ಎತ್ತಿದರು. ಕೆಸರು ಕಲ್ಲಾಗಿ, ನೆಲದಾಳದ ಬಿಸಿಗೆ ಕಾದ ಎಷ್ಟೋ ಕಾಲದ ನಂತರ ಈ ಪೊರೆ ಬಂದಿರಬಾರದೇಕೆ? ಹುಳಕ್ಕೆ ಅಡ್ಡಲಾಗಿ ಕೂದಲೆಳೆಯಂಥ ಬಿರುಕೊಂದಿತ್ತು. ಬಿರುಕು ಬೀಳುವುದು ಕಲ್ಲಾದ ಮೇಲೆ. ಅದೇ ಪೊರೆ ಬಿರುಕಿನೊಳಗೂ ಇಳಿದಿದ್ದರೆ ಟೀಚರ ವಾದ ಬಿತ್ತು. ನೋಡಬೇಕಾದರೆ ಕಲ್ಲನ್ನು ಅಲ್ಲಿಯೇ ಒಡೆಯಬೇಕು. ಇದ್ದದ್ದು ಅದೊಂದೇ ಕಲ್ಲು. ಮೌಖಿಕ ಪರೀಕ್ಷೆ ಮರುವಾರ.

ಆ ಭಾನುವಾರ ಶಿರಿಯದ ಅವರ ಮನೆಗೆ ನನ್ನನ್ನು ಕರೆದರು. ಮಳೆಗಾಲದ ಥಂಡಿಗೆ ಕೆಸರುಗಲ್ಲು ಪದರು ಬಿಡುತ್ತದೆಂದು ಅದನ್ನು ಅಕ್ಕಿಯ ಡಬ್ಬದಲ್ಲಿ ಹೂತಿಟ್ಟಿದ್ದರು. ಅವರ ಅಮ್ಮ ಗೊಣಗುತ್ತಲೇ ತೆಗೆದುಕೊಟ್ಟರು.

"ಒಂದು ದಿನ ಅಕ್ಕಿಯೊಟ್ಟಿಗೆ ಇದನ್ನೂ ಬೇಯಿಸಿಬಿಡ್ತೇನೆ ನೋಡು. ಪದವಿ ಸಿಕ್ಕಿದ ಮೇಲೆ ಒಡಿ ಮಗಳೇ. ಕಲ್ಲೆಂತ ಓಡಿ ಹೋಗ್ತದಾ?"

"ಆಗ ಒಡೆಯುವ ಧೈರ್ಯ ಬರುವುದಿಲ್ಲಮ್ಮ."

ಮೈ ಒರೆಸುವ ಬೈರಾಸು ಮಡಚಿ ಅದರ ಮೇಲೆ ಕಲ್ಲಿಟ್ಟರು. ನಾನು ಟಾರ್ಚ್ ಹಿಡಿದು ಮುಖ ಆಚೆ ತಿರುಗಿಸಿದೆ. "ಮಾಸ್ಟ್ರೇ, ಒಡೆಯುವುದು ನಾನು. ನಿಮಗೆಂತ ಹೆದರಿಕೆ?" ಎಂದರು. ಅವರ ಮೇಲ್ದುಟಿಯ ಮೇಲೂ ಬೆವರು. ಮೊದಲ ಪೆಟ್ಟಿಗೆ ಉಳಿ ಜಾರಿತು. ಹುಳದ ತಲೆಯ ಕಡೆಯಿಂದ ಒಂದು ಚಕ್ಕೆ ಹಾರಿತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಟೀಚರ್ ಕಣ್ಣು ಮುಚ್ಚಿ, ತೆರೆದು, ಮತ್ತೆ ಹೊಡೆದರು. ಬಿರುಕಿನುದ್ದಕ್ಕೂ ಕಲ್ಲು ಎರಡಾಯಿತು.

ಒಂದು ಹೋಳನ್ನು ಭೂತಗನ್ನಡಿಯ ಕೆಳಗೆ ಹಿಡಿದರು. ಉಸಿರು ತಾಗದಂತೆ ಮುಖ ಓರೆ ಮಾಡಿ ನೋಡಿದರು. ತಿರುಗಿಸಿದರು. ಮತ್ತೆ ನೋಡಿದರು.

"ಒಳಗೂ ಉಂಟು," ಎಂದರು ಕೊನೆಗೆ.

ನನಗೂ ತೋರಿಸಿದರು. ಹುಳದ ಮೈಯ ಹೊಳಪು ಎಲ್ಲಿಯೂ ಕಡಿಯದೆ ಬಿರುಕಿನ ಗೋಡೆಗೆ ಇಳಿದಿತ್ತು.

"ಅದು ಒಳ್ಳೇದಾ, ಕೆಟ್ಟದಾ?" ಅಮ್ಮ ಕೇಳಿದರು.

"ಎರಡೂ ಅಲ್ಲಮ್ಮ, ಇದ್ದದ್ದು."

ಟೀಚರ್ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡರು. ಸ್ಟಾಫ್ ರೂಮಿನಲ್ಲಿ ಕೆಲವರು ಬೆನ್ನ ಹಿಂದೆ ನಕ್ಕರು. ಮೊದಲಿನಿಂದ ಬರೆಯತೊಡಗಿ ಅರ್ಧಕ್ಕೆ ಬಂದಿರುವಾಗ ಕಾಯಿಲೆ ಹಿಡಿಯಿತು. ಪದವಿ ಬರಲೇ ಇಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಕಾಲೇಜಿನ ವಾರ್ಷಿಕ ಸಂಚಿಕೆಗೆ ಆ ಹುಳದ ಕುರಿತು ಒಂದು ಲೇಖನ ಹೇಳಿ ಬರೆಸಿದರು. ನಾನು ಅವರ ಮಾತನ್ನು ಒಂದು ಕಡೆ ಸ್ವಲ್ಪ ನಯ ಮಾಡಿ, 'ಹಿಂದಿನ ಅಭಿಪ್ರಾಯವನ್ನು ಮರುಪರಿಶೀಲಿಸಬೇಕಾಗಿದೆ' ಎಂದು ಬರೆದು ಓದಿದೆ.

"ಯಾರು ಪರಿಶೀಲಿಸುವುದು? ಎಂತ ಮಾರಾಯ್ರೆ ಇದು, ಪಂಚಾಯತಿನ ನೋಟೀಸಾ?" ದಿಂಬಿನಿಂದ ತಲೆ ಎತ್ತಿದರು. "'ನಾನು ಹೇಳಿದ್ದು ತಪ್ಪು' ಅಂತ ಬರೆಯಿರಿ. ಓದುವವರಿಗೂ ಸುಲಭ."

ಹಾಗೆಯೇ ಬರೆದೆ. ಸಂಚಿಕೆ ಅಚ್ಚಾಗಿ ಬರುವಷ್ಟರಲ್ಲಿ ಟೀಚರ್ ಇರಲಿಲ್ಲ. ಕನ್ನಡದ ವಾಕ್ಯ ಹೇಗಿರಬೇಕೆಂದು ಮಕ್ಕಳು ಕೇಳಿದರೆ ಇವತ್ತಿಗೂ ನಾನು ಬೋರ್ಡಿನ ಮೇಲೆ ಮೊದಲು ಬರೆಯುವುದು ಅದನ್ನೇ: ನಾನು ಹೇಳಿದ್ದು ತಪ್ಪು.