ಹುತಾತ್ಮರ ಪುಟದಲ್ಲಿ ಉಸ್ತಾದರು

ಸುಡಾನಿನ ಅಂತರ್ಯುದ್ಧದಲ್ಲಿ ನಾನು ಎರಡೂ ಕಡೆಯಿಂದ ಹೋರಾಡಿದ್ದೇನೆ. ಕೊಲ್ಲಿ ದೇಶದ ಅಲ್ ಕುಸೈಸ್ ಬಡಾವಣೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ, ಎ.ಸಿ.ಯ ಕೆಳಗೆ ಕೂತು, ಕೈಯಲ್ಲಿ ಮೌಸ್ ಹಿಡಿದು. ನಮ್ಮದು ಪುಟವಿನ್ಯಾಸದ ಸಣ್ಣ ಆಫೀಸು. ಮದುವೆ ಕಾಗದ, ಶಾಲೆಗಳ ವಾರ್ಷಿಕ ಸಂಚಿಕೆ ಎಂದು ನೆಮ್ಮದಿಯಾಗಿದ್ದ ನಮಗೆ ಎರಡು ರಾಜಕೀಯ ಪತ್ರಿಕೆಗಳು ಗಂಟುಬಿದ್ದವು. ಒಂದು ಆ ಯುದ್ಧದ ಒಂದು ಪಕ್ಷದ್ದು, ಇನ್ನೊಂದು ಅದರ ಶತ್ರುಗಳದ್ದು. ಎರಡೂ ಪಿಡಿಎಫ್ ಆಗಿ ದೇಶ ಬಿಟ್ಟವರ ಫೋನುಗಳಿಗೆ ಹೋಗುತ್ತಿದ್ದವು. ಸಂಪಾದಕರಿಬ್ಬರೂ ಇಲ್ಲೇ ಅಲ್ ಬರ್ಷಾದ ಒಂದೇ ರಸ್ತೆಯಲ್ಲಿದ್ದುಕೊಂಡು, ಕೊನೆಯ ಹನಿ ರಕ್ತದವರೆಗೂ ಹೋರಾಡಿ ಎಂದು ಸುಡಾನಿನಲ್ಲಿರುವವರಿಗೆ ಕರೆ ಕೊಡುತ್ತಿದ್ದರು. ಸೋಮವಾರ ಒಬ್ಬರಿಗೆ ಗೆದ್ದುಕೊಟ್ಟ ಪಟ್ಟಣವನ್ನೇ ಗುರುವಾರ ನಾನು ಇನ್ನೊಬ್ಬರಿಗೆ ಗೆದ್ದುಕೊಡುತ್ತಿದ್ದೆ. ನನಗೆ ಅರಬ್ಬಿ ಓದಲು ಬಾರದು. ಹಾಗಾಗಿ ನನ್ನಷ್ಟು ನಿಷ್ಪಕ್ಷಪಾತಿ ಆ ಯುದ್ಧದಲ್ಲಿ ಯಾರೂ ಇರಲಿಲ್ಲ.

ಕರಡು ತಿದ್ದುತ್ತಿದ್ದವರು ಖಾರ್ಟೂಮಿನಿಂದ ತಪ್ಪಿಸಿಕೊಂಡು ಬಂದ ವಯಸ್ಸಾದ ಮೇಷ್ಟ್ರು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದೆವು. ಎರಡೂ ಪತ್ರಿಕೆಗಳನ್ನು ಅವರೇ ಓದಬೇಕು. "ಇದರಲ್ಲಿ ಯಾವುದು ಸುಳ್ಳು ಉಸ್ತಾದ್?" ಎಂದು ಒಮ್ಮೆ ಕೇಳಿದ್ದೆ. "ಅದು ನನ್ನ ಇಲಾಖೆ ಅಲ್ಲ. ಸುಳ್ಳಾದರೂ ವ್ಯಾಕರಣ ಸರಿ ಇರಬೇಕಲ್ಲ, ಅದಕ್ಕೆ ನಾನಿದ್ದೇನೆ" ಎಂದಿದ್ದರು.

ಒಂದು ಸೋಮವಾರ ಹುತಾತ್ಮರ ಪುಟ ತಿದ್ದುತ್ತಿದ್ದವರು ಪೆನ್ನು ಕೆಳಗಿಟ್ಟರು.

"ಇದು ನಾನು."

ಫೋಟೋದಲ್ಲಿ ಅವರೇ ಇದ್ದರು, ಹತ್ತು ವರ್ಷ ಚಿಕ್ಕವರಾಗಿ, ಕಪ್ಪುಹಲಗೆಯ ಮುಂದೆ. ಶತ್ರುಗಳ ಶೆಲ್ಲಿಗೆ ಪಾಠ ಮಾಡುತ್ತಲೇ ಪ್ರಾಣ ಬಿಟ್ಟರಂತೆ. ಪಕ್ಷಕ್ಕೆ ಜಯಕಾರ ಹಾಕಿ ಸತ್ತರಂತೆ. "ಜಯಕಾರದಲ್ಲಿ ಎರಡು ತಪ್ಪುಗಳಿವೆ" ಎಂದರು.

ಆ ಸೋಮವಾರದ ಪತ್ರಿಕೆಯ ಸಂಪಾದಕರನ್ನು ಕರೆಸಿದೆವು. ಅವರು ಸತ್ತವರನ್ನು ತಬ್ಬಿಕೊಂಡು, ಅಲ್‌ಹಮ್ದುಲಿಲ್ಲಾ ಎಂದು ಕಣ್ಣೊರೆಸಿಕೊಂಡು, ಆಮೇಲೆ ಹೇಳಿದರು: "ಈ ಸಂಚಿಕೆಗೆ ಹೀಗೇ ಇರಲಿ. ಮುಂದಿನದರಲ್ಲಿ ನೋಡೋಣ."

"ನನ್ನ ತಂಗಿ ಕೈರೋದಲ್ಲಿ ಇದನ್ನು ಓದುತ್ತಾಳೆ."

"ಒಂದು ಫೋನ್ ಮಾಡಿ ಮೊದಲೇ ಹೇಳಿಬಿಡಿ."

ಸಂಪಾದಕರು ಹೋದ ಮೇಲೆ ನಮ್ಮ ಆಫೀಸಿನ ಯಜಮಾನರು, ಮಂಗಳೂರಿನವರು, ನನ್ನ ಮೇಜಿನ ಹತ್ತಿರ ಬಂದರು. "ನಮಗೆಂತಕ್ಕೆ ಮಾರಾಯ್ತಿ ಅವರ ಜಗಳ? ಕೊಟ್ಟದ್ದನ್ನು ಕೂರಿಸು, ಕಳಿಸು, ಖಲಾಸ್."

ಉಸ್ತಾದರು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು, ಟೈಪು ಮಾಡಿ ತಂದರು. "ಈ ಚಿತ್ರದ ಮೇಷ್ಟ್ರು ಬದುಕಿದ್ದಾರೆ. ಅವರನ್ನು ಯಾರೂ ಕೊಂದಿಲ್ಲ. ಅವರ ಬಳಿ ಕಲಿತವರು ಇದನ್ನು ನೋಡಿದರೆ, ಎಲ್ಲಿದ್ದೀರೆಂದು ಈ ನಂಬರಿಗೆ ತಿಳಿಸಿ." ಓದಿ ಅರ್ಥ ಹೇಳಿ, "ಹಾಕುತ್ತೀಯಾ ಮಗಳೇ?" ಎಂದರು. ನನಗೆ ಭಯವಾಯಿತು. ಆದರೂ ಹಳೆಯ ಬರಹ ತೆಗೆದು ಇದನ್ನು ಕೂರಿಸಿದೆ. ಸಂಪಾದಕರು ಅಂತಿಮ ಪ್ರತಿಯಲ್ಲಿ ತಮ್ಮ ಫೋಟೋ ಇದ್ದ ಮೊದಲ ಪುಟವನ್ನಷ್ಟೇ ನೋಡಿ ಒಪ್ಪಿಗೆ ಕೊಟ್ಟರು.

ಎರಡು ದಿನದಲ್ಲಿ ಸಂಪಾದಕರ ಕೂಗಾಟ ಶುರುವಾಯಿತು. ಆ ಪತ್ರಿಕೆ ನಮ್ಮನ್ನು ಬಿಟ್ಟಿತು. ಯಜಮಾನರು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಗುರುವಾರದ ಸಂಪಾದಕರು ಮಾತ್ರ ಖರ್ಜೂರದ ಡಬ್ಬಿ ಹಿಡಿದು ಓಡಿಬಂದರು. ಉಸ್ತಾದರನ್ನು ಮುಖಪುಟಕ್ಕೆ ಹಾಕುತ್ತಾರಂತೆ: ಶತ್ರುಗಳ ಸುಳ್ಳಿನ ಜೀವಂತ ಸಾಕ್ಷಿ! ಕಣ್ಣಲ್ಲಿ ಸ್ವಲ್ಪ ನೀರಿದ್ದರೆ ಚೆನ್ನ ಎಂದರು. ಉಸ್ತಾದರು "ಮಾಫಿ, ಅದೆಲ್ಲ ಇಲ್ಲ" ಎಂದು ಬಾಗಿಲು ತೋರಿಸಿದರು. ಖರ್ಜೂರವನ್ನು ಮಾತ್ರ ನಾವು ಇಟ್ಟುಕೊಂಡೆವು.

ಉಸ್ತಾದರ ಹಳೆಯ ವಿದ್ಯಾರ್ಥಿಗಳಿಂದ ಫೋನುಗಳು ಬಂದವು. ಒಂದು ಕೈರೋದಿಂದ, ಒಂದು ಚಾಡ್ ಗಡಿಯ ಶಿಬಿರದಿಂದ. ಮೂರನೆಯದು ಅಬುಧಾಬಿಯ ಅಲ್ ಮೀನಾದ ಕಾರ್ಪೆಟ್ ಮಾರ್ಕೆಟ್ಟಿನಿಂದ. ಭಾನುವಾರ ಬಸ್ಸು ಹತ್ತಿ ಉಸ್ತಾದರೂ ನಾನೂ ಅಲ್ಲಿಗೆ ಹೋದೆವು. ಗಡ್ಡ ಅರ್ಧ ನರೆತ ಅಂಗಡಿಯವನೊಬ್ಬ ನಮ್ಮನ್ನು ಕಂಡದ್ದೇ ಗಿರಾಕಿಗಳನ್ನು ಬಿಟ್ಟು, ತರಗತಿಯಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತ. ಉಸ್ತಾದರು ಅವನ ಕಿವಿ ಹಿಡಿದರು. ಹಿಡಿದವರು ಬಿಡಲೇ ಇಲ್ಲ. ಹಾಗೇ ಹಿಡಿದುಕೊಂಡು ಅತ್ತರು.

ಆಮೇಲೆ ಸುತ್ತಿಟ್ಟ ಕಾರ್ಪೆಟ್ಟುಗಳ ಮೇಲೆ ಕೂತು ಗುರುಶಿಷ್ಯರಿಬ್ಬರೂ ಅವನ ಸಹಪಾಠಿಗಳ ಹೆಸರು ಒಂದೊಂದಾಗಿ ನೆನೆಯತೊಡಗಿದರು. ನಾನು ಚಹಾ ತರಲು ಎದ್ದೆ.