ಬಸಲಿಂಗವ್ವ ತೊಳೆದ ಬಾಟಲಿಗಳು

ಬಸಲಿಂಗವ್ವನಿಗೆ ಪಾಕ ಗೊತ್ತಿತ್ತು. ವಿಜಯಪುರದ ತವರಿನಲ್ಲಿ ಲಡಕಿ ಉಂಡಿ ಕಟ್ಟುತ್ತ ಬೆಳೆದವಳು. ಬೆಲ್ಲದ ಪಾಕವನ್ನು ಎರಡು ಬೆರಳ ನಡುವೆ ಎಳೆದು, ಒಂದೆಳೆಯೋ ಎರಡೆಳೆಯೋ ಕಣ್ಣು ಮುಚ್ಚಿ ಹೇಳುವಳು. ಲಂಡನ್ನಿನ ಕಿಂಗ್ಸ್‌ಬರಿಗೆ ಬಂದು ಇಪ್ಪತ್ತಾರು ವರ್ಷವಾದ ಮೇಲೆ ಆ ಬೆರಳು ವೇಪಿನ, ಅಂದರೆ ಇ-ಸಿಗರೇಟಿನ, ಗ್ಲಿಸರಿನ್ನಿಗೆ ಇಳಿದದ್ದು ಗಂಡ ಪರಪ್ಪನ ದೆಸೆಯಿಂದ.

ಬಸ್ ಡ್ರೈವರ್ ಪರಪ್ಪ ಜಿಪಿ ಡಾಕ್ಟರು ಗದರಿದ ಮೇಲೆ ಸಿಗರೇಟು ಬಿಟ್ಟು, ತೋಳಿಗೆ ನಿಕೋಟಿನ್ ಪಟ್ಟಿ ಹಚ್ಚಿಕೊಂಡ. ಬಾಯಿ ಸುಮ್ಮನಿರಲೊಲ್ಲದು, ವೇಪ್ ಕೊಂಡ. ಅಂಗಡಿಯ ತೆಳು ದ್ರವ ಗಂಟಲು ಕೆರೆಯಿತು. ಬರೀ ವೆಜಿಟೆಬಲ್ ಗ್ಲಿಸರಿನ್ ತುಂಬಿದರೆ ಅದು ಜೇನಿನಷ್ಟು ಮಂದ. ಒಳಗಿನ ಹತ್ತಿ ಅದನ್ನು ಹೀರಿಕೊಳ್ಳುವ ಮೊದಲೇ ತಂತಿಯ ಸುರುಳಿ, ಅಂದರೆ ಕಾಯ್ಲು, ಕಾದು ಸುಟ್ಟ ಅರಿವೆಯ ವಾಸನೆ. ಬಸಲಿಂಗವ್ವ ಮೊದಲು ನಲ್ಲಿ ನೀರು ಬೆರೆಸಿ ಕೆಟ್ಟಳು. ಕೆಟಲಿಗೆ ಕಟ್ಟುವ ಬಿಳಿ ಸುಣ್ಣ ಸುರುಳಿಗೂ ಕಟ್ಟಿತು. ಆಮೇಲೆ ಡಿಸ್ಟಿಲ್ಡ್ ವಾಟರ್ ತಂದು, ಹತ್ತು ಪಾಲಿಗೆ ಒಂದು ಪಾಲು ಹನಿಹನಿಯಾಗಿ ಬೆರೆಸಿ, ಬಾಟಲಿಯನ್ನು ಬಿಸಿನೀರಲ್ಲಿಟ್ಟು ಕುಲುಕಿದಳು. ವೇಪಿಗೆಂದೇ ಮಾರುವ ಏಲಕ್ಕಿ ಎಸೆನ್ಸು ನಾಲ್ಕು ಹನಿ.

ಪರಪ್ಪ ಒಂದು ದಮ್ಮು ಎಳೆದು, "ಇದ ನೋಡು ಹದಾ ಅಂದ್ರ" ಎಂದ.

ಅವನ ಗೆಳೆಯ ವಿಶ್ವನಾಥ ಬೆಂಗಳೂರಿನವನು. ಅಲ್ಲೇ ಹತ್ತಿರದ ಎಜ್‌ವೇರ್‌ನಲ್ಲಿ ವೇಪ್ ಅಂಗಡಿ. "ಅಕ್ಕಾ, ನಿಮ್ಮ ಕೈಗುಣ ನಮ್ಮ ಅಂಗಡಿಗೂ ಬರಲಿ" ಎಂದು ಕೇಳಿಕೊಂಡ. ಒಂದು ವರ್ಷ, ಪ್ರತಿ ಶನಿವಾರ, ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಕೋಟಿನ್ ಇಲ್ಲದ ಏಲಕ್ಕಿ ದ್ರವ ಬೆರೆಸಿಕೊಟ್ಟಳು. ವಿಶ್ವನಾಥ ಅಳತೆಯನ್ನು ಬರೆದುಕೊಂಡ. ಬಾಟಲಿಗೆ ತನ್ನದೇ ಫೋಟೊ ಅಂಟಿಸಿದ.

ದೀಪಾವಳಿಯ ಕೂಟದಲ್ಲಿ ಯಾರೋ, "ನಿಮ್ಮ ಅಂಗಡಿಯ ಏಲಕ್ಕಿ ದ್ರವ ಇವರೇನಾ ಮಾಡೋದು?" ಎಂದು ಬಸಲಿಂಗವ್ವನತ್ತ ಕೈ ತೋರಿದರು.

ವಿಶ್ವನಾಥ ನಕ್ಕ. "ಅಯ್ಯೋ, ಇವರು ಬಾಟ್ಲಿ ತೊಳ್ಕೊಡ್ತಾರೆ ಅಷ್ಟೆ. ಪಾಪ, ಇವರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು?"

ಹತ್ತು ಜನ ನಕ್ಕರು. ಪರಪ್ಪ ತಟ್ಟೆಯಲ್ಲಿನ ಪೂರಿ ನೋಡುತ್ತ ಕೂತ. ಮನೆಗೆ ಬಂದು, "ಬಿಟ್ಟ ಬಿಡು, ದೋಸ್ತ ಅದಾನ" ಎಂದ.

"ನಿಮಗ ದೋಸ್ತ. ನಾ ಬಿಡೂದಿಲ್ಲ."

ಅಂಗಡಿಗೆ ಹೋಗುವುದನ್ನು ನಿಲ್ಲಿಸಿದಳು, ಕಾರಣ ಹೇಳಲಿಲ್ಲ. ವಿಶ್ವನಾಥ ಬರೆದುಕೊಂಡ ಅಳತೆ ಬೇಸಿಗೆಯದು. ಚಳಿಗೆ ಗ್ಲಿಸರಿನ್ ಬಿಗಿಯುತ್ತದೆ. ಆಗ ನೀರು ಇನ್ನಷ್ಟು ಬೇಕು. ಹಿಂದಿನ ಚಳಿಗಾಲದಲ್ಲಿ ಅದನ್ನು ಅವಳು ಬೆರಳಲ್ಲೇ ನೋಡಿ ಸರಿಮಾಡಿದ್ದಳು, ಬಾಯಿಬಿಟ್ಟು ಹೇಳಿರಲಿಲ್ಲ. ಈಗ ದಿನಾ ಬೆಳಿಗ್ಗೆ ಎದ್ದವಳೇ ಫೋನಿನಲ್ಲಿ ಹವೆ ನೋಡುವಳು. ಎಂಟು ಡಿಗ್ರಿ. ಐದು. ಸೊನ್ನೆಗಿಳಿದ ದಿನ ತುಪ್ಪ ಸುರಿದು ಶಿರಾ ಮಾಡಿದಳು. ಪರಪ್ಪನಿಗೆ ಯಾಕೆಂದು ತಿಳಿಯಲಿಲ್ಲ.

ಜನವರಿಯಲ್ಲಿ ವಿಶ್ವನಾಥನ ಫೋನು ಬಂತು. "ಅಕ್ಕಾ, ಎಲ್ಲರ ವೇಪಿನ ಕಾಯ್ಲೂ ಸುಟ್ಟು ಹೋಗ್ತಿದೆ, ಜನ ಬಾಟ್ಲಿ ವಾಪಸ್ ತರ್ತಿದ್ದಾರೆ. ಒಂದ್ಸಲ ಬಂದು ನೋಡಿ."

ಗಿರಾಕಿ ತುಂಬಿರುವ ಶನಿವಾರ ಮಧ್ಯಾಹ್ನವನ್ನೇ ಆರಿಸಿ, ಇಳಕಲ್ಲ ಸೀರೆಯುಟ್ಟು ಹೋದಳು. ಕೌಂಟರಿನ ಮೇಲೆ ಒಂದು ಬುಟ್ಟಿ ಬಾಟಲಿ. ಒಂದು ಹನಿ ಬೆರಳಿಗೆ ಹಾಕಿ ಎಳೆದಳು.

"ಭಾಳ ಗಟ್ಟಿ ಆಗ್ಯಾವ್ರಿ."

"ಏನು ಹಾಕ್ಬೇಕು ಹೇಳಿ ಅಕ್ಕಾ."

"ನನಗೇನ್ ಗೊತ್ತಾಗ್ತದ್ರಿ? ನಾ ಬಾಟ್ಲಿ ತೊಳಿಯಾಕಿ. ತೊಳದ ಕೊಡ್ತೀನಿ."

ಅವನು ತಮಾಷೆಯೆಂದೇ ಎಣಿಸಿದ. ಅವಳು ಬುಟ್ಟಿಯನ್ನು ಮೂಲೆಯ ಸಿಂಕಿಗೆ ಒಯ್ದು, ಒಂದೊಂದೇ ಬಾಟಲಿ ಬಗ್ಗಿಸಿದಳು. ಏಲಕ್ಕಿಯ ಘಮ ಅಂಗಡಿಯೆಲ್ಲ ಹರಡಿತು. ಐದಾರು ಗಿರಾಕಿಗಳು ಸುತ್ತ ನಿಂತು ನೋಡುತ್ತಿದ್ದರು.

"ಅಕ್ಕಾ, ಏನ್ಮಾಡ್ತಿದ್ದೀರಾ! ನಿಲ್ಸಿ!"

ಅವಳು ನಿಲ್ಲಿಸಲಿಲ್ಲ. ವಿಶ್ವನಾಥನ ಮುಖವಿದ್ದ ಲೇಬಲ್ಲನ್ನು ಉಗುರಿನಿಂದ ಕೆರೆದು ಕೆರೆದು ತೆಗೆದಳು. ನಲವತ್ತು ಬಾಟಲಿ ಫಳಫಳ ಹೊಳೆಯುವಂತೆ ತೊಳೆದು, ಸಾಲಾಗಿ ಬೋರಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊರಬಿದ್ದಳು.

ಪರಪ್ಪ ನಾಲ್ಕು ದಿನ ಮಾತು ಬಿಟ್ಟ. ಅವಳು ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕಿದಳು, ಅವನ ವೇಪಿಗೆ ಚಳಿಗಾಲದ ಹದದ ದ್ರವವನ್ನೂ ತುಂಬಿಟ್ಟಳು. ಐದನೆಯ ದಿನ ಅವನೇ ಚಹಾ ಕೇಳಿದ. ಎಜ್‌ವೇರ್ ಅಂಗಡಿಯಲ್ಲಿ ಏಲಕ್ಕಿ ದ್ರವ ಮತ್ತೆ ಕಾಣಲಿಲ್ಲ.

ಮೊನ್ನೆ ತರಕಾರಿ ಅಂಗಡಿಯಲ್ಲಿ ವಿಶ್ವನಾಥನ ಹೆಂಡತಿ ವೈದೇಹಿ ಎದುರಾಗಿ ಮುಖ ತಿರುಗಿಸಿದಳು. ಮೆಂತೆ ಸಿವುಡು ಆರಿಸುತ್ತಿದ್ದ ಬಸಲಿಂಗವ್ವ ನಾಲ್ಕು ಜನಕ್ಕೆ ಕೇಳುವಂತೆ, "ಆರಾಮ ಅದೀರೇನ್ರಿ ವೈದೇಹಿ?" ಎಂದು ಕೂಗಿದಳು. ವೈದೇಹಿ ಬುಟ್ಟಿ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಬಸಲಿಂಗವ್ವ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಕೇಳಿದಳು.